ಚಾವಣಿಯ ತಂತಿಯಿಂದ ಉಗುರಗಲದ ಗೆರೆಗೆ

ಕಳೆದ ವರ್ಷ ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಟ್ಯಾಂಕಿನ ನೀರಿನ ಮಟ್ಟವನ್ನು ವೈ-ಫೈ ಮೂಲಕ ಮೊಬೈಲಿಗೆ ತಿಳಿಸುವ ಪುಟ್ಟ ಸಾಧನ ಮಾಡಿದ್ದ. ಹಿಂದಿನ ದಿನ ಚೆನ್ನಾಗಿಯೇ ನಡೆದಿತ್ತು. ಪ್ರದರ್ಶನದ ದಿನ ಅಂದವಾಗಿ ಕಾಣಲೆಂದು ಅದನ್ನು ಸ್ಟೀಲ್ ಡಬ್ಬಿಯೊಳಗಿಟ್ಟು ತಂದ. ಏನೂ ಬರಲಿಲ್ಲ. "ಸರ್, ಬೋರ್ಡು ಸುಟ್ಟುಹೋಗಿದೆ" ಎಂದು ಅಳುಮುಖ ಮಾಡಿದ. ಬೋರ್ಡು ಸುಟ್ಟಿರಲಿಲ್ಲ. ಅದರ ಅಂಚಿನಲ್ಲಿದ್ದ ಹಾವಿನ ನಡೆಯಂಥ ತಾಮ್ರದ ಗೆರೆಯೇ ಅದರ ಆಂಟೆನಾ ಎಂಬುದು ಅವನಿಗೂ ಗೊತ್ತಿರಲಿಲ್ಲ, ಭಾಷಾ ಶಿಕ್ಷಕನಾದ ನನಗೂ ಗೊತ್ತಿರಲಿಲ್ಲ. ಆ ಗೆರೆಯ ವಂಶಾವಳಿ ಹುಡುಕಹೊರಟದ್ದರ ಫಲ ಈ ಲೇಖನ.

1887ರ ಸುಮಾರಿಗೆ ಜರ್ಮನಿಯ ಹೈನ್ರಿಕ್ ಹರ್ಟ್ಜ್ ರೇಡಿಯೋ ಅಲೆಗಳನ್ನು ಪ್ರಯೋಗಶಾಲೆಯಲ್ಲಿ ಹುಟ್ಟಿಸಿ ತೋರಿಸಿದರು. 1901ರ ಡಿಸೆಂಬರಿನಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆಯ ಸಂಕೇತ ಹಿಡಿಯಲು ಸುಮಾರು 500 ಅಡಿ ತಂತಿಯನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಬೇಕಾಯಿತು. ಅಷ್ಟುದ್ದ ಏಕೆ? ಆಂಟೆನಾ ಚೆನ್ನಾಗಿ ಕೆಲಸ ಮಾಡಬೇಕಾದರೆ ಅದರ ಉದ್ದ ಅಲೆಯುದ್ದದ ಕಾಲು ಭಾಗದಷ್ಟಾದರೂ ಇರಬೇಕೆಂಬುದು ಸಾಮಾನ್ಯ ಲೆಕ್ಕ. ಉರ್ದುವಿನಲ್ಲಿ ಅಲೆಗೆ ಮೌಜ್ ಎನ್ನುತ್ತೇವೆ. ಮೌಜ್ ದೊಡ್ಡದಾದರೆ ಬಲೆಯೂ ದೊಡ್ಡದಿರಬೇಕು.

ಇದನ್ನು ತಿರುವು ಮುರುವಾಗಿ ಯೋಚಿಸಿದವರು ನಮ್ಮವರೇ ಆದ ಜಗದೀಶಚಂದ್ರ ಬೋಸ್. ಕಲ್ಕತ್ತೆಯಲ್ಲಿ ಅವರು ಅಲೆಯನ್ನೇ ಚಿಕ್ಕದು ಮಾಡಿದರು, ಕೆಲವೇ ಮಿಲಿಮೀಟರಿನಷ್ಟು. ಉಪಕರಣಗಳೆಲ್ಲ ಮೇಜಿನ ಮೇಲೆ ಹಿಡಿಸಿದವು. 1897ರಲ್ಲಿ ಅವನ್ನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪ್ರದರ್ಶಿಸಿದರು. ಈಗಿನ ಕೆಲವು 5ಜಿ ಫೋನುಗಳು ಬಳಸುವುದು ಮಿಲಿಮೀಟರ್ ಅಲೆಗಳನ್ನೇ. ನಮ್ಮ ಪಠ್ಯಗಳಲ್ಲಿ ಬೋಸರು ಗಿಡಗಳಿಗಷ್ಟೇ ಮೀಸಲಾಗಿರುವುದು ನನಗೆ ಬೇಸರದ ಸಂಗತಿ.

ಮನೆಯ ರೇಡಿಯೋದ ಕಥೆ ಬೇರೆ. ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಬಾನುಲಿ ಕೇಂದ್ರ ಆರಂಭಿಸಿದ ಕಾಲದಲ್ಲಿ ರೇಡಿಯೋ ಕೇಳಲು ಚಾವಣಿಯ ಮೇಲೆ ಏರಿಯಲ್ ತಂತಿ ಎಳೆಯಬೇಕಿತ್ತು. ಮೀಡಿಯಂ ವೇವ್ ಅಲೆಯ ಉದ್ದ ಸುಮಾರು 300 ಮೀಟರ್. ಕಾಲು ಭಾಗವೆಂದರೂ 75 ಮೀಟರ್. ಮುಂದೆ ಟ್ರಾನ್ಸಿಸ್ಟರ್ ಬಂತು. ಅದರೊಳಗಿನ ಫೆರೈಟ್ ಕಡ್ಡಿಗೆ ಸುತ್ತಿದ ತಂತಿಯೇ ಆಂಟೆನಾ ಆಯಿತು. ನಮ್ಮ ದಾದಿ ವಾರ್ತೆ ಸ್ಪಷ್ಟವಾಗಲೆಂದು ಪೆಟ್ಟಿಗೆಯನ್ನು ಅತ್ತಿತ್ತ ತಿರುಗಿಸುತ್ತಿದ್ದರು. ನಿಜವಾಗಿ ಅವರು ತಿರುಗಿಸುತ್ತಿದ್ದುದು ಆ ಕಡ್ಡಿಯನ್ನು! ಆದರೆ ಅಂಥ ಗಿಡ್ಡ ಕಡ್ಡಿ ಕೇಳಲು ಸಾಕು, ದೂರಕ್ಕೆ ಕಳಿಸಲು ಸಾಲದು.

ಎಷ್ಟು ಚಿಕ್ಕದು ಮಾಡಬಹುದೆಂಬ ಪ್ರಶ್ನೆಗೆ ಅಮೆರಿಕದಲ್ಲಿ 1947ರಲ್ಲಿ ಹೆರಾಲ್ಡ್ ವೀಲರ್, 1948ರಲ್ಲಿ ಚೀನಾ ಮೂಲದ ಲಾನ್ ಜೆನ್ ಚು ಗಣಿತದಿಂದ ಉತ್ತರಿಸಿದರು. ಚಿಕ್ಕ ಗಾತ್ರ, ಒಳ್ಳೆಯ ದಕ್ಷತೆ, ಹೆಚ್ಚು ಆವರ್ತನಗಳ ಹರವು ಈ ಮೂರೂ ಒಟ್ಟಿಗೆ ಸಿಗವು. ಅಲೆಗೆ ಹೋಲಿಸಿದರೆ ಆಂಟೆನಾ ತೀರ ಕುಗ್ಗಿದಾಗ ಹರವು ಬಹು ಬೇಗ ಕಿರಿದಾಗುತ್ತದೆ. ಇಂದಿಗೂ ಯಾವ ಕಂಪನಿಯ ಎಂಜಿನಿಯರೂ ಈ ಮಿತಿಯಿಂದ ತಪ್ಪಿಸಿಕೊಂಡಿಲ್ಲ.

ತಪ್ಪಿಸಿಕೊಳ್ಳಲಾಗದಿದ್ದರೂ ಮಡಚಬಹುದಲ್ಲ! 1958ರಲ್ಲಿ ಹಾರ್ವರ್ಡಿನ ರೊನಾಲ್ಡ್ ಕಿಂಗ್ ತಂಡ ಕ್ಷಿಪಣಿಗಳಿಗಾಗಿ ನೆಟ್ಟಗಿನ ತಂತಿಯನ್ನು ಬಗ್ಗಿಸಿ ಮಲಗಿಸಿತು. ನೋಡಲು ಇಂಗ್ಲಿಷಿನ ಎಫ್ ಅಕ್ಷರ ಬೋರಲು ಬಿದ್ದಂತಿರುವ ಅದನ್ನು ಇನ್ವರ್ಟೆಡ್-ಎಫ್ ಎಂದೇ ಕರೆಯುತ್ತಾರೆ. 1999ರ ನೋಕಿಯಾ 3210 ಫೋನಿನಲ್ಲಿ ಹೊರಗೆ ಕೊಂಬಿರಲಿಲ್ಲ; ಆಂಟೆನಾ ಬೆನ್ನಿನೊಳಗೆ ಅಡಗಿತ್ತು. 900 ಮೆಗಾಹರ್ಟ್ಜ್ ಅಲೆಯ ಕಾಲು ಭಾಗ ಸುಮಾರು 8 ಸೆಂಟಿಮೀಟರ್. ವೈ-ಫೈ, ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಜ್‌ನಲ್ಲಿ ಅದು ಬರೀ 3 ಸೆಂಟಿಮೀಟರ್. ಅದನ್ನೂ ಅಂಕುಡೊಂಕಾಗಿ ಮಡಚಿ ಬೋರ್ಡಿನ ಮೇಲೆಯೇ ಅಚ್ಚು ಹಾಕಿದರೆ ಉಗುರಗಲದ ಜಾಗ ಸಾಕು.

ಆದರೆ ಇಷ್ಟು ಪುಟ್ಟ ಆಂಟೆನಾ ಒಂಟಿಯಾಗಿ ದುಡಿಯುವುದಿಲ್ಲ. ಬೋರ್ಡಿನ ನೆಲತಾಮ್ರವೂ ಅದರ ಅರ್ಧ ಅಂಗವಿದ್ದಂತೆ. ಗೆರೆಯ ಸುತ್ತ ಜಾಗ ಖಾಲಿ ಬಿಡಬೇಕು. ಬ್ಯಾಟರಿ, ಸ್ಕ್ರೂ, ಕೈಬೆರಳು ಹತ್ತಿರ ಬಂದರೂ ಶ್ರುತಿ ತಪ್ಪುತ್ತದೆ. 2010ರಲ್ಲಿ ಐಫೋನ್ 4 ಬಂದಾಗ ಹೊರಚೌಕಟ್ಟೇ ಆಂಟೆನಾ ಆಗಿದ್ದು, ಎಡಗೈಯಲ್ಲಿ ಹಿಡಿದಾಗ ಸಂಕೇತ ಕುಗ್ಗುತ್ತದೆಂಬ ದೂರು ಎದ್ದು, ಕಂಪನಿಯೇ ಉಚಿತವಾಗಿ ಕವಚ ಹಂಚಬೇಕಾಯಿತು. ಇನ್ನು ಸುತ್ತಲೂ ಮುಚ್ಚಿದ ಸ್ಟೀಲ್ ಡಬ್ಬಿಯೊಳಗಿಂದ ಅಲೆ ಹೊರಬರುವುದಾದರೂ ಹೇಗೆ?

ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಮರುದಿನವೇ ಅದೇ ಬೋರ್ಡನ್ನು ಉಪ್ಪಿನಕಾಯಿಯ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಗೆರೆಯಿರುವ ಅಂಚನ್ನು ಬ್ಯಾಟರಿಯಿಂದ ದೂರವಿಟ್ಟು ತಂದ. ಡಬ್ಬಿಯ ವಾಸನೆ ಇನ್ನೂ ಹೋಗಿರಲಿಲ್ಲ. ಮೊಬೈಲಿನಲ್ಲಿ ಮಾತ್ರ ನೀರಿನ ಮಟ್ಟ ಸರಿಯಾಗಿ ಮೂಡಿತು.