ಮರಗೆಣಸಿನ ವಿಷವೂ ಒಂದು ಹಳದಿ ಕಾಗದವೂ

1981ರಲ್ಲಿ ಮೊಜಾಂಬಿಕ್ ದೇಶದ ನಂಪುಲಾ ಪ್ರಾಂತ್ಯದಲ್ಲಿ ಸಾವಿರಕ್ಕೂ ಹೆಚ್ಚು ಜನರ ಕಾಲುಗಳು ಇದ್ದಕ್ಕಿದ್ದಂತೆ ಸೆಟೆದುಕೊಂಡವು. ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಒಮ್ಮೆ ಬಂದರೆ ವಾಸಿಯಾಗದ ರೋಗವಿದು. ಕಾಂಗೋದಲ್ಲಿ 1938ರಲ್ಲೇ ಟ್ರೋಲ್ಲಿ ಎಂಬ ವೈದ್ಯರು ಇದನ್ನು ದಾಖಲಿಸಿದ್ದರು. ಅಲ್ಲಿನ ಯಾಕಾ ಜನ ಇದನ್ನು 'ಕೊಂಜೊ' ಎನ್ನುತ್ತಾರೆ, ಅಂದರೆ ಕಟ್ಟಿಹಾಕಿದ ಕಾಲು.

ಕಾರಣ ಮರಗೆಣಸು. ಪೋರ್ಚುಗೀಸರು ಬ್ರೆಜಿಲ್‌ನಿಂದ ಆಫ್ರಿಕಾಕ್ಕೆ ತಂದ ಈ ಗೆಡ್ಡೆ ನಮ್ಮ ಪಕ್ಕದ ಕೇರಳದಲ್ಲೂ ಬಡವರ ಹೊಟ್ಟೆ ತುಂಬಿಸಿದೆ. ಗೆಡ್ಡೆಯಲ್ಲಿ ಲಿನಾಮರಿನ್ ಎಂಬ ವಸ್ತುವಿದೆ, ಅದನ್ನು ಒಡೆಯುವ ಲಿನಾಮರೇಸ್ ಎಂಬ ಕಿಣ್ವವೂ ಇದೆ. ಜೀವಂತ ಗೆಡ್ಡೆಯಲ್ಲಿ ಎರಡೂ ಬೇರೆಬೇರೆ. ಕೊಯ್ದಾಗ, ಜಜ್ಜಿದಾಗ ಕೂಡುತ್ತವೆ, ಸಯನೈಡ್ ಹೊರಬೀಳುತ್ತದೆ. ನೆನೆಸಿ ಒಣಗಿಸಿದರೆ ಅದು ಹೋಗುತ್ತದೆ. ಆದರೆ ಬರಗಾಲದಲ್ಲಿ ಗೆಡ್ಡೆಯಲ್ಲಿ ವಿಷ ಹೆಚ್ಚುತ್ತದೆ, ಹಸಿದವರಿಗೋ ದಿನಗಟ್ಟಲೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ವಿಷವನ್ನು ಕಳೆಯಲು ದೇಹಕ್ಕೆ ಬೇಕಾದ ಗಂಧಕ ಪ್ರೋಟೀನಿನಿಂದ ಸಿಗಬೇಕು. ಬಡವರ ತಟ್ಟೆಯಲ್ಲಿ ಅದೂ ಇಲ್ಲ.

ವಿಷವನ್ನು ಅಳೆಯುವುದೇ ಕಷ್ಟವಾಗಿತ್ತು. ಗೆಡ್ಡೆಯ ಸ್ವಂತ ಕಿಣ್ವವನ್ನೇ ನಂಬಿದರೆ ಲಿನಾಮರಿನ್ ಪೂರ್ತಿ ಒಡೆಯುವ ಭರವಸೆಯಿಲ್ಲ. 1978ರಲ್ಲಿ ಕುಕ್ ಎಂಬ ವಿಜ್ಞಾನಿ ಇದಕ್ಕೆ ದಾರಿ ಕಂಡರು. ಗೆಡ್ಡೆಯನ್ನು ಆಮ್ಲದಲ್ಲಿ ಅರೆದು ಅದರ ಕಿಣ್ವವನ್ನು ನಿಲ್ಲಿಸುವುದು, ಬಳಿಕ ಹೊರಗಿನಿಂದ ಲಿನಾಮರೇಸ್ ಬೆರೆಸಿ ಹೊರಬಿದ್ದ ಸಯನೈಡನ್ನು ಬಣ್ಣದಿಂದ ಅಳೆಯುವುದು. ವಿಧಾನ ಸೊಗಸಾಗಿತ್ತು, ಆದರೆ ಪ್ರಯೋಗಾಲಯವಿಲ್ಲದ ಹಳ್ಳಿಗೆ ಅದರಿಂದೇನು ಪ್ರಯೋಜನ?

1990ರ ದಶಕದಲ್ಲಿ ಆಸ್ಟ್ರೇಲಿಯಾದ ಹೊವರ್ಡ್ ಬ್ರಾಡ್‌ಬರಿ ಅದನ್ನು ಒಂದು ಪುಟ್ಟ ಶೀಷೆಗೆ ಇಳಿಸಿದರು. ಚಿಟಿಕೆ ಹಿಟ್ಟು, ಕಿಣ್ವ ಹೀರಿಸಿದ ಕಾಗದ, ನೀರು, ಮೇಲೊಂದು ಹಳದಿ ಪಿಕ್ರೇಟ್ ಕಾಗದ, ಭದ್ರ ಮುಚ್ಚಳ. ರಾತ್ರಿಯಿಡೀ ಬಿಟ್ಟರೆ ಕಾಗದ ವಿಷವಿದ್ದಷ್ಟು ಕಂದಾಗುತ್ತದೆ. ಬಣ್ಣದ ಪಟ್ಟಿಯೊಂದಿಗೆ ಹೋಲಿಸಿದರೆ ಪ್ರಮಾಣ ತಿಳಿಯುತ್ತದೆ. ಕಿಲೋ ಹಿಟ್ಟಿಗೆ 10 ಮಿಲಿಗ್ರಾಂ ಸಯನೈಡ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ದೊಡ್ಡ ಯಂತ್ರಗಳಿಗಿಂತ ನಮಗೆ ಈ ಶೀಷೆಯೇ ದೊಡ್ಡದಾಗಿ ತೋರುತ್ತದೆ.

ಅಳತೆ ಸಿಕ್ಕ ಮೇಲೆ ಉಪಾಯವನ್ನು ಪರೀಕ್ಷಿಸುವುದೂ ಸುಲಭವಾಯಿತು. ಹಿಟ್ಟಿಗೆ ನೀರು ಬೆರೆಸಿ ತೆಳ್ಳಗೆ ಹರಡಿ ಬಿಸಿಲಲ್ಲಿ 2 ಗಂಟೆ, ನೆರಳಲ್ಲಾದರೆ 5 ಗಂಟೆ ಬಿಟ್ಟರೆ ಉಳಿದ ವಿಷ ಬಹುಮಟ್ಟಿಗೆ ಆವಿಯಾಗುತ್ತದೆ. 2010ರಲ್ಲಿ ಕಾಂಗೋದ ಕಾಯ್ ಕಲೆಂಗೆ ಎಂಬ ಹಳ್ಳಿಯ ಹೆಂಗಸರಿಗೆ ಇದನ್ನು ಕಲಿಸಲಾಯಿತು. ಪ್ರಯೋಗ ನಡೆದ ಅವಧಿಯಲ್ಲಿ ಅಲ್ಲಿ ಕೊಂಜೊದ ಹೊಸ ರೋಗಿ ಒಬ್ಬರೂ ಕಾಣಲಿಲ್ಲ.