ಹೃದಯಲಯವನ್ನು ಗುರುತಿಸುವ ವಿದ್ಯೆ: ಲೈಡನ್ನಿನಿಂದ ಕಾರ್ಕಳದವರೆಗೆ

ಮಣಿಕಟ್ಟಿನ ನಾಡಿಯ ಮೇಲೆ ಬೆರಳಿರಿಸಿ ಹೃದಯದ ಗತಿಯನ್ನು ಊಹಿಸುತ್ತಿದ್ದ ವೈದ್ಯವಿದ್ಯೆಗೆ, ಆ ಗತಿಯನ್ನು ಕಣ್ಣಿನಿಂದಲೇ ಪರಾಮರ್ಶಿಸುವ ಹೊಸ ಅವಕಾಶವು ದೊರೆತದ್ದು 1887ರಲ್ಲಿ, ಲಂಡನ್ನಿನ ಅಗಸ್ಟಸ್ ವಾಲರನು ಮಾನವ ಹೃದಯದ ವಿದ್ಯುತ್ ಕ್ರಿಯೆಯನ್ನು ಶರೀರದ ಮೇಲಿನಿಂದಲೇ ದಾಖಲಿಸಿದಾಗ. ಹಾಲೆಂಡಿನ ಲೈಡನ್ ನಗರದ ವಿಲ್ಲೆಮ್ ಐಂಥೋವನನು ಆ ದಾಖಲೆಯ ರೇಖೆಯಲ್ಲಿನ ಅಲೆಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳನ್ನಿತ್ತು, ತಂತಿ ಗ್ಯಾಲ್ವನೋಮೀಟರನ್ನು ನಿರ್ಮಿಸಿ, 1924ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರನಾದನು. ರೋಗಿಯ ಬಳಿಗೆ ಒಯ್ಯಲಾಗದಷ್ಟು ಭಾರವಾಗಿದ್ದ ಆ ಯಂತ್ರಕ್ಕೆ, ಸುಮಾರು ಒಂದೂವರೆ ಕಿಲೋಮೀಟರು ದೂರದ ಆಸ್ಪತ್ರೆಯಲ್ಲಿದ್ದವರ ಹೃದಯಸಂಕೇತವನ್ನು 1905ರಲ್ಲಿಯೇ ದೂರವಾಣಿಯ ತಂತಿಯ ಮೂಲಕ ಆತನು ತರಿಸಿಕೊಂಡನೆಂಬುದು ನಮ್ಮ ಇಂದಿನ ಸ್ಥಿತಿಗೆ ಅತ್ಯಂತ ಪ್ರಸ್ತುತವಾದ ಸಂಗತಿ.

ರೇಖೆ ದೊರೆತ ಮೇಲೆ ಅದರ ಅರ್ಥನಿರ್ಣಯದ ಕಾಲ ಬಂದಿತು. ಕ್ರಮವೇ ಇಲ್ಲದ ನಾಡಿಯ ಮೂಲವು ಹೃತ್ಕರ್ಣಗಳ ಕಂಪನವೆಂಬುದನ್ನು ಥಾಮಸ್ ಲೂಯಿಸನು 1909ರಲ್ಲಿ ರೇಖೆಯಿಂದ ತೋರಿಸಿಕೊಟ್ಟನು. 1930ರಲ್ಲಿ ವುಲ್ಫ್, ಪಾರ್ಕಿನ್ಸನ್, ವೈಟ್ ಎಂಬ ಮೂವರು, ಆಗಾಗ ಹೃದಯ ನಾಗಾಲೋಟದಿಂದ ಬಡಿಯುವ ತರುಣರಲ್ಲಿ ಪಿ–ಆರ್ ಅಂತರ ಕಿರಿದಾಗಿರುವುದನ್ನು ವರ್ಣಿಸಿದರು. ಎದೆಯ ಮೇಲಿನ ಲೀಡುಗಳು (ಹೃದಯದ ವಿದ್ಯುತ್ತನ್ನು ಬೇರೆ ಬೇರೆ ದಿಕ್ಕಿನಿಂದ ದಾಖಲಿಸುವ ಜೋಡಣೆಗಳು) ಬಳಕೆಗೆ ಬಂದು, 1942ರಲ್ಲಿ ಗೋಲ್ಡ್‌ಬರ್ಗರನ ಮೂರು ಲೀಡುಗಳೂ ಸೇರಿ, ಇ.ಸಿ.ಜಿ. ಎಂಬ ಇಂದಿನ ಹನ್ನೆರಡು ಲೀಡುಗಳ ಹೃದಯರೇಖೆ ಪರಿಪೂರ್ಣವಾಯಿತು.

1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದುದರಿಂದ ಈ ವಿದ್ಯೆಯ ಅಭ್ಯಾಸವು ನಮ್ಮ ಇಂದಿನ ಉಡುಪಿ ಜಿಲ್ಲೆಯಲ್ಲಿಯೇ ಸಾಧ್ಯವಾಯಿತು. ಸೆಕೆಂಡಿಗೆ 25 ಮಿಲಿಮೀಟರು ಸರಿಯುವ ಕಾಗದದಲ್ಲಿ ಒಂದು ಸಣ್ಣ ಚೌಕವು 0.04 ಸೆಕೆಂಡೆಂದರಿತು, ಮೊದಲು ಬಡಿತದ ವೇಗ, ಬಳಿಕ ಅದರ ಕ್ರಮ, ಆಮೇಲೆ ಪ್ರತಿಯೊಂದು ಕ್ಯೂ.ಆರ್.ಎಸ್.ನ ಹಿಂದೆ ಪಿ ಅಲೆಯುಂಟೇ, ಅವೆರಡರ ಅಂತರ ಮೂರರಿಂದ ಐದು ಸಣ್ಣ ಚೌಕಗಳೊಳಗಿದೆಯೇ, ಕ್ಯೂ.ಆರ್.ಎಸ್. ಕಿರಿದೋ ಅಗಲವೋ ಎಂದು ಪ್ರತಿಸಲವೂ ಅದೇ ಅನುಕ್ರಮದಲ್ಲಿ ನೋಡುವ ಶಿಸ್ತು ಬಂದವನಿಗೆ ಮಾತ್ರ ಲಯಭೇದಗಳು ಗೋಚರಿಸುತ್ತವೆ. ಚಿತ್ರಗಳನ್ನು ಕಂಠಪಾಠ ಮಾಡಿದವನು ಹೊಸ ರೇಖೆಯೆದುರು ತಬ್ಬಿಬ್ಬಾಗುತ್ತಾನೆ.

ಮಣಿಪಾಲದಲ್ಲಿ ತಜ್ಞರಿದ್ದರೂ ಎದೆನೋವು ಅದೇ ಜಿಲ್ಲೆಯ ಕಾರ್ಕಳದ ಹಳ್ಳಿಯಲ್ಲಿ ಕಾಣಿಸಿಕೊಂಡಾಗ ನಡುವಣ ಹಾದಿಯೇ ಅಪಾಯವಾಗುತ್ತದೆ. ಈ ಅಂತರವನ್ನು ತಗ್ಗಿಸಲು ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತರು 2018ರಲ್ಲಿ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ಯೋಜನೆಯನ್ನಾರಂಭಿಸಿ, ಗ್ರಾಮೀಣ ಆರೋಗ್ಯಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನೊದಗಿಸಿ, ಅಲ್ಲಿಯ ವೈದ್ಯರು ವಾಟ್ಸಾಪಿನಲ್ಲಿ ಕಳುಹುವ ರೇಖೆಗಳಿಗೆ ತಜ್ಞರು ಉತ್ತರಿಸುವ ಏರ್ಪಾಡು ಮಾಡಿದರು. ಪುನೀತ್ ರಾಜ್‌ಕುಮಾರರ ಹೆಸರಿನ ಸರ್ಕಾರದ ‘ಹೃದಯಜ್ಯೋತಿ’ ಯೋಜನೆಯೂ ತಾಲ್ಲೂಕು ಆಸ್ಪತ್ರೆಗಳನ್ನು ತಜ್ಞರೊಡನೆ ಜೋಡಿಸುತ್ತದೆ. ಲೈಡನ್ನಿನ ತಂತಿ ನೆರವೇರಿಸಿದ ಕಾರ್ಯವನ್ನೇ ಇವು ವಿಸ್ತಾರವಾಗಿ ನೆರವೇರಿಸುತ್ತಿವೆ.

ಆದರೂ ಕಲಿಕೆಯ ಹೊಣೆ ಇದರಿಂದ ಇಳಿಯದು. ಯಂತ್ರವು ತಾನೇ ಮುದ್ರಿಸುವ ನಿರ್ಣಯವು ರೋಗಿಯ ಕೈನಡುಕವನ್ನು ಹೃತ್ಕರ್ಣದ ಕಂಪನವೆಂದು ಭ್ರಮಿಸಬಹುದು. ಹೃತ್ಕುಕ್ಷಿಗಳು ಕಂಪಿಸತೊಡಗಿದರೆ ಕೆಲವೇ ನಿಮಿಷಗಳೊಳಗೆ ವಿದ್ಯುದಾಘಾತ ನೀಡಬೇಕಾಗಿರುವುದರಿಂದ ದೂರದ ಉತ್ತರಕ್ಕೆ ಕಾಯುವಂತೆಯೂ ಇಲ್ಲ. ಆದುದರಿಂದ ಯಂತ್ರ ತಲುಪಿದ ಪ್ರತಿಯೊಂದು ಊರಿಗೂ ಅದರ ರೇಖೆಯನ್ನರಿತ ವೈದ್ಯನೂ ದಾದಿಯೂ ದೊರೆಯುವಂತೆ ಮಾಡುವುದೇ ಈ ಕ್ಷೇತ್ರದ ಮುಂದಿನ ಕರ್ತವ್ಯ.