ಗಾಳಿಯ ಪಾಲು

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ತರಗತಿಯಲ್ಲಿ ವಿವರಿಸುವಾಗ ಕಣ, ರಾಶಿ, ಮೊರಗಳನ್ನು ವರ್ಣಿಸುವುದು ನನ್ನ ವಾಡಿಕೆ. ಈ ಮಾತು ಓಟದ ಬಯಲಿಗೂ ಸಲ್ಲುತ್ತದೆಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಆ ತಿಳಿವಿಗೆ ಬೆಲೆ ತೆತ್ತವನು ನಾನಲ್ಲ, ಬೇರೊಬ್ಬ ಹುಡುಗ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಇಲಾಖೆಯ ಕಾಗದಗಳಲ್ಲಿ ಒಂದೇ ಶೈಕ್ಷಣಿಕ ಜಿಲ್ಲೆ. ಗಾಳಿಗೆ ಆ ಕಾಗದ ಗೊತ್ತಿಲ್ಲ. ಕೊರಟಗೆರೆಗೆ ಬೆಟ್ಟಗಳ ಮರೆಯುಂಟು. ಮಧುಗಿರಿಯಲ್ಲಿ ಆ ಏಕಶಿಲೆಯ ಮಹಾಬೆಟ್ಟವೇ ಊರಿಗೆ ಬೆನ್ನುಕೊಟ್ಟು ನಿಂತಿದೆ. ಶಿರಾ, ಪಾವಗಡಗಳ ಬಯಲಿಗೆ ಮಾತ್ರ ಇಂಥ ಆಸರೆ ಕಡಿಮೆ. ಆಷಾಢ ಬಂದಿತೆಂದರೆ ಪಡುವಣ ಗಾಳಿ ತನ್ನ ಮಳೆಯನ್ನೆಲ್ಲ ಘಟ್ಟದ ಮೇಲೆ ಸುರಿದು ಬರಿಗೈಯಲ್ಲಿ ನಮ್ಮ ಕಡೆಗೆ ಓಡಿಬರುತ್ತದೆ. ರೈತನಿಗೆ ಅದರಿಂದ ಸುಖವಿಲ್ಲ; ಗಾಳಿಪಟದ ಹುಡುಗರಿಗೆ ಮಾತ್ರ ಹಬ್ಬ.

ಅಂಥದೊಂದು ದಿನ, ಹತ್ತು ಹನ್ನೆರಡು ವರ್ಷಗಳ ಹಿಂದೆ, ಈ ಸೀಮೆಯ ಒಂದು ಬಯಲಿನಲ್ಲಿ ಕ್ರೀಡಾಕೂಟ ನಡೆಯಿತು. ಕನ್ನಡದ ಮೇಷ್ಟರಿಗೆ ಬೇರೆ ಕೆಲಸವಿಲ್ಲವೆಂದು ನನ್ನ ಕೈಗೆ ಸ್ಟಾಪ್‌ವಾಚ್ ಕೊಟ್ಟರು. ಸುಣ್ಣದ ಗೆರೆಗಳು ಪಡುವಣದಿಂದ ಮೂಡಣಕ್ಕೆ ಹರಿದಿದ್ದವು. ಗಾಳಿಯೂ ಅದೇ ದಿಕ್ಕಿಗೆ. ಕಂಬದ ಬಾವುಟ ಹಲಗೆಯಂತೆ ಸೆಟೆದು ನಿಂತಿತ್ತು. ಪಾವಗಡದ ಕಡೆಯ ಒಬ್ಬ ಹುಡುಗ, ನನ್ನ ವಿದ್ಯಾರ್ಥಿಯೇ, ಬರಿಗಾಲಿನಲ್ಲಿ ನೂರು ಮೀಟರು ಓಡಿದ. ಗಡಿಯಾರ ೧೧.೨ ಸೆಕೆಂಡು ತೋರಿಸಿತು. ನಾನು ಅವನನ್ನು ಅಪ್ಪಿಕೊಂಡೆ.

ಅದೇ ವರ್ಷ ಅವನು ದೊಡ್ಡ ಊರಿನ ದೊಡ್ಡ ಕೂಟಕ್ಕೆ ಹೋದ. ಅಲ್ಲಿ ಕೆಂಪು ಹಾಸಿನ ಪಥ, ವಿದ್ಯುತ್ ಗಡಿಯಾರ. ಅವನ ಕಾಲ ೧೧.೬೮. ಹಿಂತಿರುಗಿ ಬಂದವನು ತನ್ನಲ್ಲೇನೋ ಕೆಟ್ಟಿತೆಂದು ನಂಬಿಬಿಟ್ಟಿದ್ದ. ಮತ್ತೆ ಓಡಲಿಲ್ಲ. ‘ಅಭ್ಯಾಸ ಸಾಲದು’ ಎಂದು ನಾನೂ ಎರಡು ಮಾತು ಸೇರಿಸಿದೆ. ಅದು ನನ್ನ ಅಜ್ಞಾನ.

ಈ ಅಜ್ಞಾನ ಜಗತ್ತಿಗೂ ಒಂದು ಕಾಲಕ್ಕೆ ಇತ್ತೆಂಬುದು ನನಗೆ ಅಲ್ಪ ಸಮಾಧಾನ. ನೂರು ಮೀಟರಿನ ಮೊದಲ ಅಧಿಕೃತ ವಿಶ್ವದಾಖಲೆ ೧೯೧೨ರದು: ಸ್ಟಾಕ್‌ಹೋಮಿನಲ್ಲಿ ಅಮೆರಿಕದ ಲಿಪಿನ್‌ಕಾಟ್ ಓಡಿದ ೧೦.೬. ಗಾಳಿಗೆ ಅಳತೆಯ ಕಟ್ಟು ಬಿದ್ದುದು ೧೯೩೬ರಲ್ಲಿ. ಬೆನ್ನಿಗೆ ಬೀಸುವ ಗಾಳಿ ಸೆಕೆಂಡಿಗೆ ೨ ಮೀಟರನ್ನು ಮೀರಿದರೆ ಓಟ ಗೆದ್ದದ್ದು ಗೆದ್ದದ್ದೇ, ದಾಖಲೆ ಮಾತ್ರ ಆಗದು. ಇಂದಿಗೂ ಅದೇ ನಿಯಮ. ಗುರಿಗೆರೆಯಿಂದ ೫೦ ಮೀಟರು ಈಚೆಗೆ, ಪಥದ ಪಕ್ಕದಲ್ಲಿ, ನೆಲದಿಂದ ೧.೨೨ ಮೀಟರು ಎತ್ತರದಲ್ಲಿ ಮಾಪಕವನ್ನು ನಿಲ್ಲಿಸಿ, ಪಿಸ್ತೂಲು ಹಾರಿದ ಕ್ಷಣದಿಂದ ೧೦ ಸೆಕೆಂಡು ಅಳೆಯುತ್ತಾರೆ.

೨ ಮೀಟರು ಗಾಳಿಯ ಬೆಲೆಯೇನು? ಉತ್ತಮ ಓಟಗಾರನಿಗೆ ಸುಮಾರು ಸೆಕೆಂಡಿನ ಹತ್ತನೆಯ ಒಂದು ಪಾಲು. ಎದುರುಗಾಳಿ ಕಸಿಯುವುದು ಅದಕ್ಕಿಂತ ಹೆಚ್ಚು. ಲೆಕ್ಕದ ಮೇಷ್ಟರ ಮನೆಗೆ ಹೋಗಬೇಕಾಗಿಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಸೆಕೆಂಡಿಗೆ ೧೧ ಮೀಟರು ಓಡುವವನಿಗೆ ನಿಶ್ಚಲ ಗಾಳಿಯಲ್ಲಿ ತಡೆ ೧೨೧ ಎಂದುಕೊಳ್ಳಿ. ಬೆನ್ನಿಗೆ ೨ ಬೀಸಿದರೆ ೯ರ ವರ್ಗ, ೮೧. ಎದುರಿಗೆ ಬೀಸಿದರೆ ೧೩ರ ವರ್ಗ, ೧೬೯. ಕೊಡುವುದು ೪೦, ಕಿತ್ತುಕೊಳ್ಳುವುದು ೪೮. ಗಾಳಿಯೂ ಸಾಹುಕಾರನಂತೆಯೇ!

೨೦೦೮ರಲ್ಲಿ ಟೈಸನ್ ಗೇ ೯.೬೮ ಓಡಿದಾಗ ಗಾಳಿ ೪.೧ ಇತ್ತು, ದಾಖಲೆಯ ಪುಸ್ತಕದಲ್ಲಿ ಅವನಿಗೆ ಸ್ಥಳ ದೊರೆಯಲಿಲ್ಲ. ಇದಕ್ಕಿಂತ ವಿಚಿತ್ರವಾದುದು ೧೯೮೮ರ ಜುಲೈ ೧೬ರಂದು ಇಂಡಿಯಾನಪೊಲಿಸಿನಲ್ಲಿ ನಡೆಯಿತು. ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ೧೦.೪೯ ಓಡಿದಾಗ ಪಥದ ಮಾಪಕ ಗಾಳಿಯೇ ಇಲ್ಲವೆಂದಿತು. ಅದೇ ವೇಳೆ ಪಕ್ಕದ ತ್ರಿವಿಧ ಜಿಗಿತದ ಮಾಪಕ ೪.೩ ತೋರಿಸಿತು. ವಿವಾದ ಇನ್ನೂ ಮುಗಿದಿಲ್ಲ, ದಾಖಲೆಯೂ ಅಳಿದಿಲ್ಲ. ನಮ್ಮ ಬಾವುಟವನ್ನು ನೋಡಿದ ನನಗೆ ಆ ಸೊನ್ನೆಯಲ್ಲಿ ನಂಬಿಕೆ ಹುಟ್ಟುವುದಿಲ್ಲ.

ಗಾಳಿ ಹೊರಗಿನ ಮಾತು. ಒಳಗಿನ ಉಸಿರನ್ನು ಹಂಚುವ ಹದ ಬೇರೆ. ನೂರು ಮೀಟರಿನಲ್ಲಿ ಹದವೆಲ್ಲಿಯದು, ಒಂದೇ ಉಸಿರಿನ ಓಟವಲ್ಲವೆ ಎನ್ನಬಹುದು. ೨೦೦೯ರಲ್ಲಿ ಬರ್ಲಿನಿನಲ್ಲಿ ಉಸೇನ್ ಬೋಲ್ಟ್ ಓಡಿದ ೯.೫೮ನ್ನು ಇಪ್ಪತ್ತಿಪ್ಪತ್ತು ಮೀಟರಿಗೆ ಕತ್ತರಿಸಿ ನೋಡಿದರು: ೨.೮೯, ೧.೭೫, ೧.೬೭, ೧.೬೧, ೧.೬೬. ಕೊನೆಯ ತುಂಡಿನಲ್ಲಿ ಅವನೂ ನಿಧಾನಿಸಿದ್ದಾನೆ! ಕೊನೆಯಲ್ಲಿ ಮುನ್ನುಗ್ಗಿದಂತೆ ಕಾಣುವವನು ನಿಜಕ್ಕೂ ಉಳಿದವರಿಗಿಂತ ಕಡಿಮೆ ಸೋತವನು. ನಾನೂರು ಮೀಟರಿನಲ್ಲಿ ಹದ ತಪ್ಪಿದರೆ ಶಿಕ್ಷೆ ಕ್ರೂರ. ೧೯೬೦ರ ರೋಮಿನಲ್ಲಿ ಮಿಲ್ಖಾ ಸಿಂಗ್ ಸುಮಾರು ೨೫೦ ಮೀಟರಿನ ಬಳಿ ವೇಗ ತಗ್ಗಿಸಿದ್ದೇ ತಪ್ಪಾಯಿತೆಂದು ಕೊನೆಯವರೆಗೂ ಹಳಹಳಿಸಿದರು. ಕೈಗಡಿಯಾರದಲ್ಲಿ ಅವರದು ೪೫.೬, ಕಂಚು ಗೆದ್ದ ಸ್ಪೆನ್ಸನದು ೪೫.೫.

ನಮ್ಮ ಕರಾವಳಿಯಲ್ಲಿ ೨೦೨೦ರ ಫೆಬ್ರವರಿಯಲ್ಲಿ ಎದ್ದ ಗದ್ದಲವನ್ನು ಓದುಗರು ಮರೆತಿರಲಾರರು. ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ ೧೪೨.೫ ಮೀಟರನ್ನು ೧೩.೬೨ ಸೆಕೆಂಡಿನಲ್ಲಿ ಕ್ರಮಿಸಿದರು. ಯಾರೋ ಭಾಗಿಸಿ, ನೂರು ಮೀಟರಿಗೆ ೯.೫೫ ಎಂದರು, ಬೋಲ್ಟನನ್ನು ಸೋಲಿಸಿದ ಕನ್ನಡಿಗ ಎಂದು ದೇಶವೇ ಕುಣಿಯಿತು. ಭಾಗಾಕಾರ ಸರಿ, ತೀರ್ಮಾನ ಸರಿಯಲ್ಲ. ನಿಂತಲ್ಲಿಂದ ಹೊರಡುವ ಮೊದಲ ಇಪ್ಪತ್ತು ಮೀಟರಿನ ನಷ್ಟ ಉದ್ದದ ಓಟದಲ್ಲಿ ಹಂಚಿ ತೆಳುವಾಗುತ್ತದೆ. ಮೇಲಾಗಿ ಮುಂದೆ ಎಳೆಯಲು ಎರಡು ಕೋಣಗಳಿದ್ದವು. ಗೌಡರೇ ಆ ಹೋಲಿಕೆಯನ್ನು ಒಪ್ಪಲಿಲ್ಲ. ಬೆಂಗಳೂರಿನ ಪರೀಕ್ಷೆಯ ಓಟಕ್ಕೆ ಕರೆ ಬಂದಾಗ ಹೋಗಲೂ ಇಲ್ಲ. ಆ ಗದ್ದಲದಲ್ಲಿ ವಿವೇಕದಿಂದ ನಡೆದುಕೊಂಡವರು ಅವರೇ ಎಂದು ನನ್ನ ಎಣಿಕೆ.

ಆ ಗದ್ದಲದ ದಿನಗಳಲ್ಲಿಯೇ ನಾನು ಈ ಲೆಕ್ಕಗಳನ್ನು ಓದತೊಡಗಿದ್ದು. ಕೈಗಡಿಯಾರ ಒತ್ತುವವನು ಪಿಸ್ತೂಲಿನ ಹೊಗೆ ಕಂಡ ಮೇಲೆ ಒತ್ತುತ್ತಾನೆ. ಆದ್ದರಿಂದ ಅವನ ಕಾಲಕ್ಕೆ ೦.೨೪ ಸೆಕೆಂಡು ಸೇರಿಸಿ ವಿದ್ಯುತ್ ಗಡಿಯಾರದೊಡನೆ ಹೋಲಿಸುವುದು ರೂಢಿಯೆಂದು ಓದಿದಾಗ ಪುಸ್ತಕ ಮುಚ್ಚಿ ಕುಳಿತೆ. ೧೧.೨ಕ್ಕೆ ಅದನ್ನು ಕೂಡಿದೆ: ೧೧.೪೪. ಬಾವುಟವನ್ನು ಸೆಟೆದು ನಿಲ್ಲಿಸಿದ್ದ ಆ ಗಾಳಿಗೆ ಇನ್ನೊಂದು ೦.೨ ಎಂದುಕೊಂಡೆ: ೧೧.೬೪. ಹುಡುಗ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ ಓಟ ಓಡಿದ್ದ. ಅವನಲ್ಲಿ ಏನೂ ಕೆಟ್ಟಿರಲಿಲ್ಲ.

ಹೋದ ವರ್ಷ ಶಿರಾದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅವನೇ ಸಿಕ್ಕಿದ. ಈಗ ಕಡಲೆಕಾಯಿ ವ್ಯಾಪಾರ, ಎರಡು ಮಕ್ಕಳು. ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತು, ಅವನ ಚೀಟಿ ಪುಸ್ತಕದ ಹಿಂಬದಿಯಲ್ಲಿಯೇ ಈ ಲೆಕ್ಕ ಬರೆದು ತೋರಿಸಿದೆ. ತಡವಾಯಿತು, ನನ್ನ ತಪ್ಪು ಎಂದೆ. ಅವನು ಬಹಳ ಹೊತ್ತು ಅಂಕಿಗಳನ್ನೇ ನೋಡಿದ.

“ಹಂಗಾದ್ರೆ ಸಾರ್, ಆವತ್ತು ನಮ್ಮ ಬಯಲಲ್ಲಿ ನಾನು ಓಡಿದ್ದು ಎಷ್ಟು, ಗಾಳಿ ಓಡಿದ್ದು ಎಷ್ಟು?”

“ಅಳೆದವರಿಲ್ಲವಪ್ಪ,” ಎಂದೆ.

ಅವನು ಆ ಹಾಳೆಯನ್ನು ಹರಿದು, ನಾಲ್ಕಾಗಿ ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಪಾವಗಡದ ಬಸ್ಸು ಬಂದಿತು, ಹತ್ತಲು ಓಡಿದ.